ನುಚ್ಚುಗುಳಿಗೆ

ಸಾತವ್ವನ ಮುಖಕ್ಕೆ ಕಳೆ ಬಂದಿದೆಯೆಂದು ಮೊದಲು ಹೇಳಿದವಳು ಅವಳ ಅಕ್ಕ ಅನಸವ್ವ.

"ಬನಹಟ್ಟಿ ನೀರು ಹಿಡದಾವ ಬೇ ನಿನಗ. ಬಂದಾಗ ಮಾರಿ ಒಣಗಿದ ಸವತಿಕಾಯಿ ಆಗಿತ್ತು. ಈಗ ನೋಡು, ತುಂಬಿದ ಕೊಡ."

ಸಾತವ್ವ ನಕ್ಕಳು. ನಕ್ಕರೆ ಗಲ್ಲಗಳು ಮೇಲೇರಿ ಕಣ್ಣು ಮುಚ್ಚಿಹೋಗುವಷ್ಟು ಅವಳ ಮುಖ ದುಂಡಗಾಗಿತ್ತು. ಓಣಿಯ ಹೆಂಗಸರೆಲ್ಲ ಅದೇ ಮಾತು ಹೇಳುತ್ತಿದ್ದರು. ಊರು ನೀರಿಗೆ ಹೋದರೂ ಸಾತವ್ವನಿಗೆ ಒಳ್ಳೆಯ ದಿನ ಬಂದವು, ಮುಖ ನೋಡಿದರೆ ತಿಳಿಯುವುದಿಲ್ಲವೇ? ಗಂಡ ಪರಸಪ್ಪನೂ ಒಳಗೊಳಗೇ ಬೀಗುತ್ತಿದ್ದ. ಹೆಂಡತಿಯ ಮೈ ತುಂಬಿದರೆ ಗಂಡನ ದುಡಿಮೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ.

ಅವರ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿತ್ತು. ಆಲಮಟ್ಟಿಯ ಹಿನ್ನೀರು ಏರಿ ಊರು ಮುಳುಗಿತು. ಸರಕಾರ ಕೊಟ್ಟ ಜಾಗದಲ್ಲಿ ಮನೆಯಿತ್ತು, ಕೆಲಸವಿರಲಿಲ್ಲ. ಹಾಗಾಗಿ ಪರಸಪ್ಪ ಹೆಂಡತಿಯನ್ನೂ ಮಗಳು ಪ್ರತಿಮಾಳನ್ನೂ ಕರೆದುಕೊಂಡು ಅನಸವ್ವನ ಆಸರೆಗೆ ಬನಹಟ್ಟಿಗೆ ಬಂದ. ಪ್ರತಿಮಾಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಇವಳೊಬ್ಬಳೇ. ಪರಸಪ್ಪ ಪವರ್‌ಲೂಮಿಗೆ ನಿಂತ. ಸಾತವ್ವ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಲು ಕುಳಿತಳು. ದಿನವಿಡೀ ನೂಲಿನ ಮುಂದೆ ಬಾಗಿ ಕುಳಿತರೆ ಸಂಜೆಗೆ ನಡ ನೆಟ್ಟಗಾಗುವುದಿಲ್ಲ. ಬನಹಟ್ಟಿಯಲ್ಲಿ ಈ ನೋವಿಗೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ರಾಚಪ್ಪನ ಔಷಧಿ ಅಂಗಡಿಗೆ ಹೋಗಿ ಗುಳಿಗೆಯ ಒಂದು ಕಟ್ಟು ತಂದಳು.

ರಾಚಪ್ಪನ ಅಂಗಡಿಯ ಹಿಂದೆಯೇ ಅವನ ಮನೆ. ಮಗ್ಗದ ಪಾಳಿ ಬಿಟ್ಟ ಕೂಡಲೇ ಅಂಗಡಿಯ ಮುಂದೆ ಜನ ಕೂಡುತ್ತಿದ್ದರು. ಯಾರ ಕೈಯಲ್ಲೂ ಡಾಕ್ಟರ ಚೀಟಿ ಇರುತ್ತಿರಲಿಲ್ಲ. "ಮೈಕೈ ನೋವಿಂದು ಎರಡು ಹೊತ್ತಿಗೆ ಕೊಡ್ರಿ" ಎಂದರೆ ಸಾಕು. ಹಳೆಯ ಪೇಪರು ಹರಿದು, ಒಂದು ದೊಡ್ಡ ಬಿಳಿ ಗುಳಿಗೆ, ಒಂದು ಹಳದಿಯದು, ಹೊಟ್ಟೆ ಉರಿಯದಂತೆ ಒಂದು ಗುಲಾಬಿಯದು, ಕೊನೆಗೆ ಒಂದು ಬಲು ಸಣ್ಣ ಬಿಳಿಯ ಗುಳಿಗೆ ಹಾಕಿ ಮಡಿಸಿ ಕೊಡುತ್ತಿದ್ದರು. ಆ ಸಣ್ಣದಕ್ಕೆ ಜನ ಇಟ್ಟ ಹೆಸರು ನುಚ್ಚುಗುಳಿಗೆ. ಉಳಿದವು ಒಂದೆರಡು ಕಡಿಮೆಯಾದರೂ ಯಾರೂ ಕೇಳುತ್ತಿರಲಿಲ್ಲ. ನುಚ್ಚು ಮರೆತರೆ ಮಾತ್ರ ತಿರುಗಿ ಬಂದು ಜಗಳಾಡುತ್ತಿದ್ದರು.

ಪ್ರತಿಮಾ ಹತ್ತನೆಯ ಇಯತ್ತೆ ಮುಗಿಸಿ ಪಿಯುಸಿ ಸೈನ್ಸಿಗೆ ಸೇರಿದ ವರ್ಷವೇ ಸಂಜೆ ಹೊತ್ತು ಆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಇಂಗ್ಲಿಷ್ ಹೆಸರು ತಪ್ಪಿಲ್ಲದೆ ಓದುವ ಹುಡುಗಿ ರಾಚಪ್ಪನಿಗೆ ಬೇಕಾಗಿತ್ತು. ಯಾವ ಕಪಾಟಿನಲ್ಲಿ ಯಾವ ಔಷಧಿ, ಹಳೆಯ ಮಾಲನ್ನು ಹೇಗೆ ಮುಂದಿಡಬೇಕು, ಅಳುವ ಕೂಸಿನ ತಾಯಿಯನ್ನು ಮೊದಲು ಹೇಗೆ ಕಳಿಸಬೇಕು, ಎಲ್ಲ ಕಲಿಸಿದ. ಕಟ್ಟು ಕಟ್ಟುವುದನ್ನೂ ಕಲಿಸಿದ.

"ದೊಡ್ಡ ಗುಳಿಗಿ ನೋವು ತಗೀತೈತಿ. ನುಚ್ಚು ಜೀವಾ ತುಂಬತೈತಿ. ತಿಳೀತಿಲ್ಲೋ?"

ತಿಳಿಯಿತು. ಅಂದಿನಿಂದ ತಾಯಿ ಅಂಗಡಿಗೆ ಹೋಗುವುದು ತಪ್ಪಿತು. ಮಗಳೇ ಕಟ್ಟು ತಂದು ಕೈಗಿಡುತ್ತಿದ್ದಳು. ತಾಯಿಗೆಂದು ಒಮ್ಮೊಮ್ಮೆ ಒಂದರ ಜಾಗದಲ್ಲಿ ಎರಡು ನುಚ್ಚು ಹಾಕುತ್ತಿದ್ದಳು.

ಪಿಯುಸಿ ಮುಗಿದಾಗ ರಾಚಪ್ಪನೇ ಅವಳಿಗೆ ಮುಂದಿನ ದಾರಿ ತೋರಿಸಿದ.

"ಜಮಖಂಡ್ಯಾಗ ಡಿ.ಫಾರ್ಮ್ ಐತಿ, ಸೇರ್ಕೋ. ಎರಡು ವರ್ಷ, ಆಮ್ಯಾಲೆ ದವಾಖಾನ್ಯಾಗ ಟ್ರೇನಿಂಗ್. ಈಗ ಗ್ವಾಡಿ ಮ್ಯಾಲೆ ನಮ್ಮ ಬೀಗರ ಸರ್ಟಿಫಿಕೇಟ್ ತೂಗಾಕತ್ತೈತಿ. ಅವರು ಇರೂದು ಪುಣೇದಾಗ. ನಾಳಿ ನಿಂದು ಹಾಕೂಣು."

"ಅಂದ್ರ ನಾನೂ ಪುಣೇಕ್ಕ ಹೋಗಬೇಕೇನ್ರಿ ಕಾಕಾ?"

"ನೀ ಹೋದ್ರ ಕಟ್ಟು ಯಾರು ಕಟ್ಟಬೇಕು? ನೀನೂ ಇರು, ಸರ್ಟಿಫಿಕೇಟೂ ಇರಲಿ. ಈ ಬಜಾರದಾಗ ಎರಡೂ ಇರೋ ಅಂಗಡಿ ನಂದ ಆಗಲಿ."

ಹೀಗೆ ಪ್ರತಿಮಾ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ಬರತೊಡಗಿದಳು. ಮೊದಲ ವರ್ಷ ಅವಳಿಗೆ ಕಷ್ಟವೆನಿಸಲಿಲ್ಲ. ಉಳಿದವರು ಬಾಯಿಪಾಠ ಮಾಡುತ್ತಿದ್ದ ಹೆಸರುಗಳನ್ನು ಅವಳು ಕಪಾಟಿನಲ್ಲಿ ಕೈಯಿಂದ ಮುಟ್ಟಿದ್ದಳು. ಹುಡುಗರು ಅವಳನ್ನು 'ಡಾಕ್ಟರವ್ವ' ಎಂದು ಕರೆದು ಚಾಷ್ಟಿ ಮಾಡುತ್ತಿದ್ದರು. ಅದು ಚಾಷ್ಟಿಯೆಂದು ಗೊತ್ತಿದ್ದೂ ಅವಳಿಗೆ ಹಿತವಾಗುತ್ತಿತ್ತು.

ಎರಡನೆಯ ವರ್ಷ, ಔಷಧಿ ಮೈಯೊಳಗೆ ಏನು ಮಾಡುತ್ತದೆ ಎಂಬ ಪಾಠ. ಮಾಸ್ತರರು ಕಲ್ಮೇಶ ಸರ್. ಅಂದು ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕ ತಂದು, ಒಂದು ಪುಟ ತೆರೆದು, ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಪುಟದಲ್ಲಿ ಪರದೇಶದ ಒಬ್ಬ ಹೆಂಗಸಿನ ಎರಡು ಫೋಟೋ. ಒಂದರಲ್ಲಿ ಸಾಧಾರಣ ಮುಖ. ಇನ್ನೊಂದರಲ್ಲಿ ಅದೇ ಹೆಂಗಸು, ಮುಖ ಮಾತ್ರ ದುಂಡಗೆ. ಗಲ್ಲ ಉಬ್ಬಿ ಕಣ್ಣು ಸಣ್ಣವಾಗಿವೆ, ಗದ್ದ ಕತ್ತಿನಲ್ಲಿ ಕರಗಿದೆ, ತುಟಿಯ ಮೇಲೆ ತೆಳ್ಳನೆ ಕೂದಲು, ಕತ್ತಿನ ಹಿಂದೆ ಒಂದು ದಿಬ್ಬ.

ಪುಸ್ತಕ ಪ್ರತಿಮಾಳ ಬೆಂಚಿಗೆ ಬಂತು. ಅವಳು ಅದನ್ನು ಮುಂದೆ ದಾಟಿಸಲಿಲ್ಲ. ಫೋಟೋದ ಹೆಂಗಸಿನ ಬಣ್ಣ ಬಿಳಿ, ಕೂದಲು ಕೆಂಚು. ಮುಖ ಅವ್ವನದು. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಿದ್ದ ಮುಖ.

"ಏ ಡಾಕ್ಟರವ್ವಾ, ಪಾಸ್ ಮಾಡಬೇ," ಎಂದು ಹಿಂದಿನವನು ತಿವಿದ. ಅವಳಿಗೆ ಕೇಳಿಸಲಿಲ್ಲ.

ಕಲ್ಮೇಶ ಸರ್ ಹೇಳುತ್ತಿದ್ದರು: "ಇದು ಮೈ ತುಂಬಿದ್ದಲ್ಲ. ವರ್ಷಗಟ್ಟಲೆ ಸ್ಟೆರಾಯ್ಡ್ ತಿಂದವರ ಮುಖ. ಒಳಗ ಎಲುಬು ಟೊಳ್ಳಾಗಿರತಾವ, ಸಕ್ಕರಿ ಏರಿರತೈತಿ, ಗಾಯ ಆದ್ರ ಮಾಯೂದಿಲ್ಲ. ಮ್ಯಾಲೆ ನೋಡಿದವರು ಛಲೋ ಆಗ್ಯಾರ ಅಂತಾರ."

ಪ್ರತಿಮಾ ಎದ್ದು ನಿಂತಳು. "ಸರ್, ಆ ಗುಳಿಗಿ ನೋಡಾಕ ಹೆಂಗಿರತೈತ್ರಿ?"

ಸರ್ ಕಿಸೆಯಿಂದ ಗುಳಿಗೆಯ ಒಂದು ಪಟ್ಟಿ ತೆಗೆದು ಎತ್ತಿ ಹಿಡಿದರು. ಸಾಲಾಗಿ ನುಚ್ಚುಗುಳಿಗೆ. ಸ್ಟೆರಾಯ್ಡಿನ ಹೆಸರನ್ನು ಅವಳು ಪರೀಕ್ಷೆಗಾಗಿ ಓದಿದ್ದಳು. ಅಂಗಡಿಯಲ್ಲಿ ಈ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಬರಣಿಗೆ ತುಂಬಿಡುತ್ತಿದ್ದರು. ಬರಣಿಯ ಮೇಲೆ ಹೆಸರಿರಲಿಲ್ಲ. ಹೆಸರು ಕೇಳಬೇಕೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ.

ಗಂಟೆ ಹೊಡೆಯಿತು. "ಇದನ್ನ ಬಿಡಸೂದು ಹೆಂಗ ಅನ್ನೂದು ಇನ್ನೊಂದು ಪಾಠ ಐತಿ," ಎಂದು ಸರ್ ಪುಸ್ತಕ ಕೇಳಿದರು. "ಅದು ನಾಳೆ."

ಮರುದಿನ ಪ್ರತಿಮಾ ಕಾಲೇಜಿಗೆ ಹೋಗಲಿಲ್ಲ.

ಅಂದು ಪಾಠ ಮುಗಿಸಿ ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಅವಳ ಎದುರಿನ ಸೀಟಿನಲ್ಲಿ ತೇರದಾಳದ ಕಡೆಯ ಹೆಂಗಸೊಬ್ಬಳು ಕುಳಿತಿದ್ದಳು. ದುಂಡು ಮುಖ, ತುಟಿಯ ಮೇಲೆ ಕೂದಲು. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬಾಳೆಹಣ್ಣು ಮಾರುವವಳ ಮುಖ ಅದೇ. ನೂಲಿನ ಅಂಗಡಿಯ ಹಮಾಲನ ಕತ್ತಿನ ಹಿಂದೆ ಅದೇ ದಿಬ್ಬ. ಓಣಿಗೆ ಬಂದರೆ ಕಟ್ಟೆಯ ಮೇಲೆ ಕುಳಿತ ಹೆಂಗಸರಲ್ಲಿ ಇಬ್ಬರದು ಅದೇ ಮುಖ. ಇಷ್ಟು ವರ್ಷ ಇವರೆಲ್ಲ ಅವಳ ಕಣ್ಣ ಮುಂದೆಯೇ ಇದ್ದರು. ಇವರಲ್ಲಿ ಯಾರಿಗೆ ತನ್ನ ಕೈಯಿಂದಲೇ ಕಟ್ಟು ಕೊಟ್ಟಿದ್ದಳೆಂದು ನೆನೆದರೆ ಎಲ್ಲರಿಗೂ ಕೊಟ್ಟಿದ್ದಳು.

ಮನೆಗೆ ಬಂದವಳೇ ಗೋಡೆಯ ಮಾಡದಲ್ಲಿಟ್ಟ ಕಟ್ಟುಗಳನ್ನು ಬಾಚಿ ಒಲೆಗೆ ಹಾಕಿದಳು.

"ಏ, ಹುಚ್ಚು ಹಿಡದೈತೇನ ಬೇ ನಿನಗ?" ಸಾತವ್ವ ಕಂಡಿಕೆ ಬಿಟ್ಟು ಎದ್ದಳು.

"ಅದು ವಿಷಾ, ಯವ್ವಾ! ನಿನ್ನ ಮಾರಿ ಕಳೆಗಿಳೆ ಏನೂ ಅಲ್ಲ, ಬ್ಯಾನಿ. ಪುಸ್ತಕದಾಗ ನಿನ್ನ ಫೋಟೋ ಐತಿ!"

"ನನ್ನ ಫೋಟೋ ಯಾರ ತಗದ್ರು?"

"ನಿಂದಲ್ಲ, ನಿನ್ನಂಥಾದ್ದ!"

"ನನ್ನಂಥಾದ್ದು ಜಗತ್ತಿನ ತುಂಬ ಇರತಾವ. ನಡಾ ನೋಯೂದು ನಂದು." ಸಾತವ್ವನಿಗೆ ಈಗ ಸಿಟ್ಟು ಬಂತು. "ನೀನ ಕಟ್ಟಿ ತಂದು ಕೊಟ್ಟಿ. ನೀನ ತಿನ್ನು ಅಂದಿ. ಈಗ ನೀನ ವಿಷಾ ಅಂತಿ. ಎರಡರಾಗ ಯಾವ ಪ್ರತಿಮಾನ ಮಾತು ಕೇಳಲಿ?"

ತಾಯಿಯ ಗುಣ ಮಗಳಿಗೆ ಗೊತ್ತಿತ್ತು. ಈಗ ಹೂಂ ಎನ್ನುತ್ತಾಳೆ, ಸಂಜೆ ಬೇರೆ ಅಂಗಡಿಯಿಂದ ತರಿಸುತ್ತಾಳೆ. ಬೇಕಾದಾಗ ಸಣ್ಣ ಸುಳ್ಳು ಹೇಳಲು ಸಾತವ್ವ ಹಿಂಜರಿಯುವವಳಲ್ಲ. ಅವಳು ಮುರಿಯದ ಒಂದೇ ಒಂದು ಮಾತೆಂದರೆ ಆಣೆ. ಪ್ರತಿಮಾ ತಾಯಿಯ ಬಲಗೈ ಎಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು.

"ನನ್ನ ತಲಿ ಮುಟ್ಟಿ ಆಣಿ ಮಾಡು. ಇನ್ನ ನುಚ್ಚುಗುಳಿಗಿ ಬಾಯಾಗ ಹಾಕೂದಿಲ್ಲಂತ."

ಸಾತವ್ವನ ಕೈ ಬೆಂಕಿ ಮುಟ್ಟಿದಂತೆ ಹಿಂದೆ ಸರಿಯಿತು. ಮಗಳು ಬಿಡಲಿಲ್ಲ. ಎರಡು ಕೂಸು ಮಣ್ಣಿಗಿಟ್ಟವಳು ಉಳಿದ ಒಂದರ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು.

ಆ ಆಣೆಯನ್ನು ಮುರಿದಿದ್ದರೆ ಸಾತವ್ವನಿಗೆ ಏನೂ ಆಗುತ್ತಿರಲಿಲ್ಲ. ಅವಳು ಮುರಿಯಲಿಲ್ಲ.

ಮರುದಿನ ಮೈಯೆಲ್ಲ ಸೋತಿತು. ಆಮೇಲೆ ವಾಂತಿ ಹಿಡಿಯಿತು, ಕುಡಿದ ನೀರೂ ನಿಲ್ಲಲಿಲ್ಲ. ಪರಸಪ್ಪ ಗಾಬರಿಯಾದ. ಪ್ರತಿಮಾ ಗಾಬರಿಯಾಗಲಿಲ್ಲ. ತಾಯಿಯ ಬೆನ್ನು ನೀವುತ್ತ ಸಮಾಧಾನ ಹೇಳಿದಳು: "ವಿಷಾ ಹೊರಗ ಹೊಂಟೈತಿ ಯವ್ವಾ, ತಡಕೋ. ಇದೆಲ್ಲಾ ಹೋದ್ರ ಆರಾಮ ಆಗತೀ." ಎಷ್ಟು ವಾಂತಿಯಾದರೆ ಅಷ್ಟು ಒಳ್ಳೆಯದೆಂದು ಅವಳು ನಿಜವಾಗಿಯೂ ನಂಬಿದ್ದಳು.

ಅನಸವ್ವ ಸೆರಗಿನಲ್ಲಿ ಕಟ್ಟೊಂದನ್ನು ಬಚ್ಚಿಟ್ಟುಕೊಂಡು ಬಂದಳು. "ಒಂದ ಒಂದು ನುಚ್ಚು ನುಂಗು. ಈ ಸಾಲಿ ಕಲ್ತವರ ಮಾತು ಕೇಳಿದ್ರ ಹೆಣಾ ಬೀಳತಾವ."

ಸಾತವ್ವ ಹಲ್ಲು ಕಚ್ಚಿ ಮುಖ ತಿರುಗಿಸಿದಳು. "ಕೂಸಿನ ತಲಿ ಮುಟ್ಟೇನಿ ಯಕ್ಕಾ."

ಮರುದಿನ ಮಧ್ಯಾಹ್ನ ಎಬ್ಬಿಸಿದರೆ ಅವಳು ಏಳಲಿಲ್ಲ. ಮೈ ತಣ್ಣಗೆ ಬೆವೆತಿತ್ತು. ಕಣ್ಣು ತೆರೆದರೂ ಯಾರನ್ನೂ ಗುರುತಿಸಲಿಲ್ಲ. ಆಟೋದಲ್ಲಿ ಮಲಗಿಸಿ ಜಮಖಂಡಿಯ ಸರಕಾರಿ ದವಾಖಾನೆಗೆ ಒಯ್ದರು. ಆ ದುಂಡು ಮುಖ ಪ್ರತಿಮಾಳ ತೊಡೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು.

ಅಲ್ಲಿದ್ದ ಡಾಕ್ಟರು ಒಬ್ಬ ಹೆಂಗಸು, ಎಲ್ಲರೂ 'ಡಾಕ್ಟರ್ ಬಾಯಿ' ಎನ್ನುತ್ತಿದ್ದರು. ಅವರು ನಾಡಿ ಹಿಡಿದು, ಬಿ.ಪಿ. ನೋಡಿ, ನಂತರ ಮುಖವನ್ನು ನೋಡಿದರು. ನೋಡಿದ ಕೂಡಲೇ ಕೇಳಿದರು:

"ಎಷ್ಟು ವರ್ಷದಿಂದ ತಿಂತಿದ್ರು?"

"ಐದಾರು ವರ್ಷ ಆತ್ರೀ."

"ಬಿಡಿಸಿದವರು ಯಾರು?"

"ನಾನ್ರಿ."

"ಏನು ಓದತಿ?"

"ಡಿ.ಫಾರ್ಮ್ ಎರಡನೇ ವರ್ಷರಿ."

ಡಾಕ್ಟರ್ ಬಾಯಿ ಬೈಯಲಿಲ್ಲ. ನರ್ಸಿಗೆ ಇಂಜೆಕ್ಷನ್ನಿನ ಹೆಸರು ಹೇಳಿದರು. ಪ್ರತಿಮಾಗೆ ಆ ಹೆಸರು ಅರ್ಥವಾಯಿತು. ಅದು ನುಚ್ಚುಗುಳಿಗೆಯ ಕುಲದ್ದೇ.

"ಮೇಡಮ್, ಅದೇ ವಿಷಾನ್ರಿ ಅದು!" ಎಂದು ಕೂಗಿದಳು.

"ಅದೇ. ಅದಿಲ್ಲದ ಈಗ ಇವರು ಉಳಿಯೂದಿಲ್ಲ." ಸೂಜಿ ಒಳಗೆ ಹೋಯಿತು. "ಹೊರಗಿಂದ ದಿನಾ ಬರೂಮುಂದ ಮೈಯೊಳಗಿನ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿರತೈತಿ. ನೀ ಹೊರಗಿಂದು ಒಮ್ಮೆಲೇ ಬಂದ್ ಮಾಡಿದಿ. ಒಳಗಿಂದು ಎಂದೋ ಬಂದಾಗಿತ್ತು. ಇದನ್ನ ತಿಂಗಳಾನುಗಟ್ಟಲೆ ಚೂರುಚೂರು ಇಳಸಬೇಕು. ನಿಮ್ಮ ಮಾಸ್ತರರು ಹೇಳಲಿಲ್ಲೇನು?"

ಹೇಳುವವರಿದ್ದರು. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿ ಕುಳಿತು ತಾಯಿಯ ಬೆನ್ನು ನೀವುತ್ತಿದ್ದಳು.

ಸಲೈನ್ ಬಾಟಲಿ ಇಳಿಯುತ್ತ ಹೋದಂತೆ ಸಾತವ್ವನ ಕಣ್ಣಿಗೆ ಬೆಳಕು ಬಂತು. ಪ್ರತಿಮಾ ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು. ಒಲೆಗೆ ಹಾಕಿದ್ದ ಔಷಧಿಯೇ ತಾಯಿಯನ್ನು ಎಬ್ಬಿಸಿ ಕೂರಿಸುವುದನ್ನು ಕಣ್ಣಾರೆ ನೋಡಿದಳು. ಓದಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆ ಓದಿನಿಂದಲೇ ತಾಯಿ ಸಾಯುತ್ತಿದ್ದಳು.

ಆಘಾತ ಇಲ್ಲಿಗೆ ಮುಗಿಯಲಿಲ್ಲ. ಮರುದಿನ ನರ್ಸು ಗುಳಿಗೆ ತಂದಳು, ಒಂದು ಬಟ್ಟಲು ನೀರು ತಂದಳು. ಅಂಗೈಯಲ್ಲಿನ ಗುಳಿಗೆಯ ಗಾತ್ರ ನೋಡಿ ಸಾತವ್ವ ಬಾಯಿ ಮುಚ್ಚಿಕೊಂಡಳು.

"ನಾ ಒಲ್ಲೆ. ಆಣಿ ಐತಿ."

ಡಾಕ್ಟರ್ ಬಾಯಿ ಹೇಳಿದರು, ಪರಸಪ್ಪ ಕೈಮುಗಿದ, ಬಾಜೂ ಮಂಚದ ಮುದುಕಿಯೂ ಬುದ್ಧಿ ಹೇಳಿದಳು. "ನಾ ಸತ್ರ ಸಾಯತೇನಿ. ಅಕಿ ಒಬ್ಬಾಕಿ ಉಳದಾಳ," ಎಂಬುದೊಂದೇ ಉತ್ತರ. ಪ್ರತಿಮಾ, "ಅದೆಲ್ಲಾ ಮೂಢನಂಬಿಕಿ ಯವ್ವಾ, ನನಗೇನೂ ಆಗೂದಿಲ್ಲ," ಎಂದಳು. ಸಾತವ್ವ ಮಗಳನ್ನು ತೀಕ್ಷ್ಣವಾಗಿ ನೋಡಿದಳು.

"ಮೂಢನಂಬಿಕಿ ಇದ್ರ ನೀ ಯಾಕ ಆಣಿ ಹಾಕಿಸಿದಿ?"

ಹಾದಿ ಹೇಳಿದವಳು ಅನಸವ್ವ. "ಹಾಕಿಸಿದಾಕಿನ ಇಳಸಬೇಕು. ನಾಕು ಮಂದಿ ಮುಂದ, ಅದ ಕೈ ಅದ ತಲಿ ಮ್ಯಾಲೆ ಇಟ್ಟು, ಬಾಯಿಬಿಟ್ಟು ತಪ್ಪಾತು ಅನ್ನಬೇಕು. ಅನ್ನಾಕ ಬರತೈತೋ ಇಲ್ಲೋ ಸಾಲಿ ಕಲ್ತಾಕಿಗೆ?"

ಪ್ರತಿಮಾ ನೆಲದ ಮೇಲೆ ಕುಳಿತಳು. ಸೂಜಿ ಚುಚ್ಚಿದ್ದ ತಾಯಿಯ ಬಲಗೈಯನ್ನು ಎತ್ತಿ ತನ್ನ ನೆತ್ತಿಯ ಮೇಲಿಟ್ಟುಕೊಂಡಳು. "ಆಣಿ ಹಾಕಿಸಿದ್ದು ನನ್ನ ತಪ್ಪಾತು. ಅದನ್ನ ನಾ ಇಳಿಸೇನಿ. ಅವ್ವನ ಮ್ಯಾಲೆ ಏನೂ ಇಲ್ಲ," ಎಂದಳು. ನರ್ಸು, ಪರಸಪ್ಪ, ಮುದುಕಿ, ಅನಸವ್ವ ಕೇಳಿಸಿಕೊಂಡರು. ಅನಂತರ ಅವಳೇ ನುಚ್ಚುಗುಳಿಗೆಯನ್ನು ತಾಯಿಯ ನಾಲಗೆಯ ಮೇಲಿಟ್ಟಳು. ಸಾತವ್ವ ಕಣ್ಣು ಮುಚ್ಚಿ ನುಂಗಿದಳು. ನುಂಗಿ ಕಣ್ಣು ತೆರೆದವಳು ಮೊದಲು ನೋಡಿದ್ದು ಮಗಳು ಇನ್ನೂ ಕುಳಿತಿದ್ದಾಳೆಯೇ ಎಂದು.

ಬನಹಟ್ಟಿಗೆ ಮರಳಿದ ಮೇಲೆ ಪ್ರತಿಮಾ ರಾಚಪ್ಪನ ಅಂಗಡಿಗೆ ಹೋಗಿ ಎಲ್ಲ ಹೇಳಿದಳು. ಅವನು ನಂಬಲಿಲ್ಲ.

"ಮೂವತ್ತು ವರ್ಷ ಕೊಟ್ಟೇನಿ. ಒಬ್ಬರಾದ್ರೂ ಸತ್ತಾರೇನು? ಬಡವರ ನೋವು ಕಡಿಮಿ ಆಗೂದು ತಪ್ಪೇನು? ನಮ್ಮ ಮನ್ಯಾಗೂ ಅದನ್ನ ತಿಂತಾರ. ಏ ಮಾದೇವೀ, ಬಾ ಹೊರಗ!"

ರಾಚಪ್ಪನ ಹೆಂಡತಿ ಮಾದೇವಿ ಪರದೆ ಸರಿಸಿ ಬಾಗಿಲಿಗೆ ಬಂದಳು. ಪ್ರತಿಮಾ ಅವಳನ್ನು ವರ್ಷಗಳಿಂದ ಬಲ್ಲಳು. ಈಗ ನೋಡಿ ಬೆಚ್ಚಿಬಿದ್ದಳು. ಗ್ರಂಥಾಲಯದಿಂದ ತಂದಿದ್ದ ದಪ್ಪ ಪುಸ್ತಕವನ್ನು ಗಲ್ಲೆಯ ಮೇಜಿನ ಮೇಲೆ ತೆರೆದಿಟ್ಟಳು. ರಾಚಪ್ಪ ಕಣ್ಣಿಗೆ ಚಾಳೀಸು ಹಾಕಿಕೊಂಡು ಫೋಟೋ ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಫೋಟೋ ನೋಡಿದ. ಅವನು ಕೆಡುಕನಾಗಿರಲಿಲ್ಲ. ತಾನು ಕೆಲಸ ಕಲಿತ ಅಂಗಡಿಯಲ್ಲಿ ಕಂಡದ್ದನ್ನೇ ಮಾಡಿದ್ದ, ಮನೆಯವಳಿಗೂ ಅದನ್ನೇ ಕೊಟ್ಟಿದ್ದ. ಬರಣಿಯನ್ನು ಎತ್ತಿ ಗಟಾರಕ್ಕೆ ಸುರಿಯಲು ಹೊರಟ.

"ಇವತ್ತಿಂದ ಬಂದ್! ಮಾದೇವೀ, ಇನ್ನ ಒಂದೂ ಮುಟ್ಟಬ್ಯಾಡ!"

"ಬಂದ್ ಮಾಡಬ್ಯಾಡ್ರೀ ಕಾಕಾ!"

ಆ ದನಿಗೆ ರಸ್ತೆಯ ಜನ ತಿರುಗಿ ನೋಡಿದರು. ಪ್ರತಿಮಾ ಗಲ್ಲೆ ದಾಟಿ ಹೋಗಿ ಬರಣಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಮೊದಲು ಡಾಕ್ಟರ್ ಬಾಯಿ ಕಡೆ ಕರಕೊಂಡು ಹೋಗ್ರಿ. ಇವರನ್ನೂ, ದಿನಾ ಒಯ್ಯೋರನ್ನೂ. ಹೊಸಬರಿಗೆ ಮಾತ್ರ ಒಂದೂ ಕೊಡಬ್ಯಾಡ್ರಿ."

ರಾಚಪ್ಪ ಹಾಗೇ ಮಾಡಿದ. ಗಿರಾಕಿಗಳಲ್ಲಿ ಕೆಲವರು ಜಮಖಂಡಿಗೆ ಹೋದರು. ಹೆಚ್ಚಿನವರು ಎದುರಿನ ಅಂಗಡಿಗೆ ಹೋದರು. ಪ್ರತಿಮಾಳ ಸರ್ಟಿಫಿಕೇಟು ಅವನ ಗೋಡೆಗೆ ಬರಲೇ ಇಲ್ಲ.

ಅವಳು ಡಿಪ್ಲೊಮಾ ಮುಗಿಸಿ, ತಾಯಿ ಮಲಗಿದ್ದ ಅದೇ ದವಾಖಾನೆಯ ಔಷಧಿ ಕಿಟಕಿಯಲ್ಲಿ ತರಬೇತಿ ಮಾಡಿದಳು. ಹೆಸರು ನೋಂದಾಯಿಸಿ ಮುಧೋಳದ ಒಂದು ಅಂಗಡಿಯಲ್ಲಿ ಕೆಲವು ವರ್ಷ ಇದ್ದಳು. ಅನಂತರ ಸರಕಾರಿ ನೌಕರಿ ಸಿಕ್ಕು ಚಿಕ್ಕಪಡಸಲಗಿಯ ಕಡೆಯ ಆರೋಗ್ಯ ಕೇಂದ್ರಕ್ಕೆ ಹೋದಳು. ಅವಳ ಕಿಟಕಿಗೆ ಬಂದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಈ ಬಾಯಿ ಮೊದಲು ಚೀಟಿ ನೋಡುವುದಿಲ್ಲ, ಮುಖ ನೋಡುತ್ತಾಳೆ.

ದವಾಖಾನೆಯಿಂದ ಬಂದ ಮೇಲೆ ಸಾತವ್ವನ ಗುಳಿಗೆ ಇಳಿಸಲು ಒಂದು ವರ್ಷ ಹಿಡಿದಿತ್ತು. ಡಾಕ್ಟರ್ ಬಾಯಿ ಹೇಳಿದಂತೆ ಪ್ರತಿಮಾ ನುಚ್ಚುಗುಳಿಗೆಯನ್ನು ಬ್ಲೇಡಿನಿಂದ ಅರ್ಧ ಮಾಡಿದಳು, ಆಮೇಲೆ ಕಾಲು ಮಾಡಿದಳು. ಆ ವರ್ಷ ತಾಯಿ ಮಗಳು ಒಬ್ಬರನ್ನೊಬ್ಬರು ಕಾದರು. ಮಗಳು ತಾಯಿಯ ಕಣ್ಣು, ಬೆವರು, ನಡಿಗೆ ನೋಡುತ್ತಿದ್ದಳು. ತಾಯಿ ಮಗಳ ಉಸಿರು ನೋಡುತ್ತಿದ್ದಳು. ಇಳಿಸಿದ ಆಣೆ ಪೂರ್ತಿ ಇಳಿದಿದೆಯೇ ಇಲ್ಲವೇ, ಯಾರು ಬಲ್ಲರು? ಪ್ರತಿಮಾ ಒಮ್ಮೆ ಸೀನಿದರೂ ಸಾತವ್ವನ ಕೈಯ ಕಂಡಿಕೆ ನಿಲ್ಲುತ್ತಿತ್ತು.

ಮುಖ ಇಳಿಯಿತು. ಗಲ್ಲ ಬತ್ತಿ ಎಲುಬು ಎದ್ದಿತು, ಗದ್ದ ಹೊರಬಂತು. ನಡುನೋವು ತಿರುಗಿ ಬಂತು, ಅದು ಹೋಗಲಿಲ್ಲ. ಓಣಿಯವರು ಆಡಿಕೊಂಡರು: ಮಗಳು ನೌಕರಿ ಹಿಡಿದಳು, ತಾಯಿ ಸೊರಗಿದಳು, ಉಣ್ಣಲು ಹಾಕುತ್ತಾಳೋ ಇಲ್ಲವೋ.

ಅನಸವ್ವ ಒಂದು ದಿನ ಎದುರಿಗೇ ಅಂದಳು: "ಏನ ಬೇ, ಮಾರಿ ಮ್ಯಾಲಿನ ಕಳೆ ಪೂರಾ ಹೋತಲ್ಲ."

"ಹೋಗಲಿ ಬಿಡು ಯಕ್ಕಾ," ಎಂದಳು ಸಾತವ್ವ, ನೂಲಿನಿಂದ ಕಣ್ಣೆತ್ತದೆ. "ಅದೇನು ನನ್ನದಾಗಿತ್ತೇನು? ರಾಚಪ್ಪನ ಅಂಗಡಿಯಿಂದ ತಂದಿದ್ದು."

ಕೆಲಸಕ್ಕೆ ಹೊರಟಿದ್ದ ಪ್ರತಿಮಾ ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದಳು. ಊರು ಮುಳುಗುವ ಮೊದಲು ಕಂಡಿದ್ದ ಮುಖ. ಅದನ್ನು ತಾನು ಮರೆತೇಬಿಟ್ಟಿದ್ದೆನೆಂದು ನೆನೆದು, ಪ್ರತಿ ಬೆಳಿಗ್ಗೆಯಂತೆ ಅಂದೂ ನೋಡುತ್ತ ನಿಂತೇ ಇದ್ದಳು.

"ಏನ ನೋಡತೀ? ಬಸ್ಸು ಹೋಗತೈತಿ, ನಡಿ," ಎಂದಳು ಸಾತವ್ವ.